ರಾತ್ರಿ ಅಳುವ ಕಾರು

“ನಿಮ್ ಕಾರು ರಾತ್ರಿ ಮತ್ತೆ ಅಳ್ತಿತ್ತು ಕಣಪ್ಪಾ.”

ಪಕ್ಕದ ಮನೆಯ ಅಜ್ಜಿ ಹಾಲಿನ ಪಾತ್ರೆ ಹಿಡಿದು ಗೇಟಿನ ಬಳಿ ನಿಂತು ಹೀಗೆ ಹೇಳಿದಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ. ಕಣ್ಣಿನ ಪೊರೆಯ ಆಪರೇಷನ್ ಆಗಿ ಅವರಿಗಿನ್ನೂ ಹದಿನೈದು ದಿನ ತುಂಬಿರಲಿಲ್ಲ. ರಾತ್ರಿ ನಿದ್ದೆ ಬರುವುದೇ ತಡ. ಬಂದ ನಿದ್ದೆಯನ್ನು ನನ್ನ ಕಾರು ಕೆಡಿಸುತ್ತಿತ್ತು.

ಮೈಸೂರಿನಲ್ಲಿ ನಮ್ಮದು ಸಣ್ಣ ಅಡ್ಡರಸ್ತೆ. ಕಾರು ನಿಲ್ಲಿಸಲು ಮನೆಯೊಳಗೆ ಜಾಗವಿಲ್ಲದ್ದರಿಂದ ಹೊರಗೆ ಬಾದಾಮಿ ಮರದ ಕೆಳಗೆ ನಿಲ್ಲಿಸುತ್ತೇನೆ. ಕಾರು ಸೆಕೆಂಡ್ ಹ್ಯಾಂಡ್. ಅದರ ಅಲಾರಂ ಕಂಪನಿಯಿಂದ ಬಂದದ್ದಲ್ಲ, ಹಿಂದಿನ ಮಾಲೀಕರು ಯಾವುದೋ ಆಕ್ಸೆಸರೀಸ್ ಅಂಗಡಿಯಲ್ಲಿ ಹಾಕಿಸಿದ್ದು. ಅದರ ಸದ್ದು ಕರ್ನಾಟಕದ ಯಾವ ಊರಿನ ಮಗುವಿಗೂ ಬಾಯಿಪಾಠ: ಮೊದಲು ಕುಂಯ್ ಕುಂಯ್, ಆಮೇಲೆ ಆಂಬುಲೆನ್ಸಿನಂತೆ ಏರಿಳಿತ, ಆಮೇಲೆ ಪಿಯಾಂವ್ ಪಿಯಾಂವ್, ಹೀಗೆ ಒಂದಾದ ಮೇಲೊಂದು ರಾಗ. ಬೀದಿಯ ಹುಡುಗರು ಆಟವಾಡುವಾಗ ಅದನ್ನೇ ಅನುಕರಿಸುತ್ತಾರೆ. ಆ ಸದ್ದು ಕೇಳಿ ಕಳ್ಳ ಬಂದನೇನೋ ಎಂದು ಕಿಟಕಿ ತೆಗೆದು ನೋಡುವವರು ಮಾತ್ರ ಈಗ ಯಾರೂ ಇಲ್ಲ. ಸುಮ್ಮಸುಮ್ಮನೆ ಕೂಗಿದ ಪ್ರತಿ ರಾತ್ರಿಯೂ ನನ್ನ ಅಲಾರಂ “ಎದ್ದು ನೋಡಬೇಕಾಗಿಲ್ಲ” ಎಂದು ನೆರೆಹೊರೆಗೆ ಕಲಿಸುತ್ತಿತ್ತು. ನಿಜವಾಗಿ ಗಾಜು ಒಡೆಯುವ ದಿನ ಬಂದರೆ ಅವರು ಕಲಿತ ಪಾಠದಂತೆ ಮಗ್ಗುಲು ಬದಲಿಸಿ ಮಲಗುತ್ತಾರೆ.

ಸದ್ದಿನ ಲೆಕ್ಕವನ್ನೂ ಹಾಕಿ ನೋಡಿದೆ. ಕಾರಿನ ಅಲಾರಂಗಳಿಗೆ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ 97ನೆಯದೊಂದು ನಿಯಮವಿದೆ. ಅದರ ಪ್ರಕಾರ ಸೈರನ್ ಒಮ್ಮೆ ಕೂಗಿದರೆ 25ರಿಂದ 30 ಸೆಕೆಂಡು ಕೂಗಬೇಕು, 2 ಮೀಟರ್ ದೂರದಲ್ಲಿ ಕನಿಷ್ಠ 105 ಡೆಸಿಬೆಲ್ ಕೇಳಿಸಬೇಕು. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 105 ಎಂದೇ ಹಿಡಿದರೂ 4 ಮೀಟರಿಗೆ 99, 8 ಮೀಟರಿಗೆ 93, 16 ಮೀಟರಿಗೆ 87. ಅಜ್ಜಿಯ ಮಂಚ ನನ್ನ ಕಾರಿನಿಂದ 16 ಮೀಟರೂ ದೂರವಿಲ್ಲ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕಿರುವ ಮಿತಿ 45 ಡೆಸಿಬೆಲ್. ಗೋಡೆ, ಕಿಟಕಿ ಅಡ್ಡ ಬಂದು ಎಷ್ಟೇ ಕಮ್ಮಿಯಾದರೂ ಅಜ್ಜಿಯ ಕೋಣೆಗೆ ಹೋಗುತ್ತಿದ್ದದ್ದು ಸಣ್ಣ ಸದ್ದಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ ಶಾಕ್ ಸೆನ್ಸರ್ ಹುಡುಕಿ, ಅದರ ತಿರುಪನ್ನು ಪೂರ್ತಿ ಕಮ್ಮಿಗೆ ತಿರುಗಿಸಿದೆ. ಎರಡು ರಾತ್ರಿ ನೆಮ್ಮದಿಯಾಗಿತ್ತು. ಮೂರನೇ ರಾತ್ರಿ ಮಳೆಯಲ್ಲಿ ಮತ್ತೆ ಕೂಗಿತು. ಬೆಳಗ್ಗೆ ಪರೀಕ್ಷೆಗೆಂದು ಬಾಗಿಲಿಗೆ ಮುಷ್ಟಿಯಿಂದ ಗುದ್ದಿದರೆ ಕಮಕ್ ಕಿಮಕ್ ಎನ್ನಲಿಲ್ಲ. ಕಳ್ಳನಿಗೆ ಕಿವುಡಾದ ಕಾರು ಮಳೆಗೆ ಮಾತ್ರ ಬೆಚ್ಚುತ್ತಿತ್ತು.

ಆಗ ವೈರಿಂಗ್ ಭಾಯ್ ಹತ್ತಿರ ಹೋದೆ. ನಮ್ಮ ಕಡೆ ಆಟೋ ಎಲೆಕ್ಟ್ರಿಷಿಯನ್‌ನನ್ನು ಹೆಸರು ಹಿಡಿದು ಕರೆಯುವವರು ಕಮ್ಮಿ. ಇವರು ಮೂವತ್ತು ವರ್ಷದಿಂದ ಡೈನಮೋ, ಸೆಲ್ಫ್ ಮೋಟಾರ್, ಲೈಟಿಂಗ್ ಎಲ್ಲವನ್ನೂ ರಿಪೇರಿ ಮಾಡುತ್ತ ಬಂದವರು. ಕಾರನ್ನು ಮುಟ್ಟುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾವ್ ಟೈಮಲ್ಲಿ ಕೂಗುತ್ತೆ ಸಾರ್?”

ನನ್ನಲ್ಲಿ ಉತ್ತರವಿರಲಿಲ್ಲ.

“ಹತ್ತು ದಿನ ಬರ್ದಿಡಿ. ಟೈಮು, ಮಳೆನಾ ಗಾಳಿನಾ, ಮೊದ್ಲು ಸಣ್ಣಗೆ ಕೂಗ್ತಾ ಅಥವಾ ಒಂದೇ ಸಲಕ್ಕೆ ಜೋರಾಗಿ ಬಂತಾ, ಇಂಡಿಕೇಟರ್ ಹೊಡ್ಕೊಳ್ತಾ ಇಲ್ವಾ. ಆ ಸೆನ್ಸರ್ ಸ್ಕ್ರೂನ ಮೊದ್ಲಿದ್ದ ಜಾಗಕ್ಕೇ ತಿರುಗ್ಸಿ. ಆಮೇಲೆ ಬನ್ನಿ.”

ಅಲಾರಂ ವ್ಯವಸ್ಥೆ ಅಂದರೆ ಒಂದು ಡಬ್ಬಿ, ಏಳೆಂಟು ಕಿವಿ, ಒಂದು ಗಂಟಲು. ಡಬ್ಬಿ ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುತ್ತದೆ. ಗಂಟಲು ಬಾನೆಟ್ಟಿನ ಕೆಳಗಿನ ಸೈರನ್. ಕಿವಿಗಳು ಒಂದೊಂದು ಕಡೆ: ಪ್ರತಿ ಬಾಗಿಲಿಗೊಂದು ಸ್ವಿಚ್, ಡಿಕ್ಕಿಗೊಂದು, ಬಾನೆಟ್ಟಿಗೊಂದು, ಯಾರಾದರೂ ಇಗ್ನಿಷನ್ ಆನ್ ಮಾಡಿದರೆ ತಿಳಿಯುವ ತಂತಿ ಒಂದು, ಪೆಟ್ಟು ಬಿದ್ದರೆ ಅದುರುವ ಶಾಕ್ ಸೆನ್ಸರ್ ಒಂದು. ಯಾವ ಕಿವಿ ತಪ್ಪು ಕೇಳಿಸಿಕೊಂಡರೂ ಕೂಗುವ ಗಂಟಲು ಒಂದೇ. ಹಾಗಾಗಿ ಸದ್ದು ಕೇಳಿದವರೆಲ್ಲ ಸೆನ್ಸರನ್ನೇ ಬಯ್ಯುತ್ತಾರೆ. ಕೆಲವು ಮಾದರಿಗಳಲ್ಲಿ ಅಲಾರಂ ಆಫ್ ಮಾಡಿದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದರಿಂದ ಯಾವ ಕಿವಿಯ ತಪ್ಪೆಂದು ತಿಳಿಯುತ್ತದೆ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಅದರ ಲೆಕ್ಕ ಬರೆದಿರುತ್ತದೆ. ನನ್ನ ಕಾರಿನ ಜೊತೆ ಆ ಪುಸ್ತಕ ಬಂದಿರಲಿಲ್ಲ.

ಹಳೆಯ ಡೈರಿಯೊಂದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡೆ. ಅದು ಆಷಾಢ, ಗಾಳಿಯ ತಿಂಗಳು. ಹತ್ತು ದಿನದಲ್ಲಿ ಕಾರು ಏಳು ಸಲ ಕೂಗಿತು. ಬರೆದದ್ದನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಅದುವರೆಗೆ ಒಂದೇ ಎಂದುಕೊಂಡಿದ್ದ ಕಾಯಿಲೆ ಮೂರಾಗಿ ಒಡೆಯಿತು.

ಗಾಳಿ ಬೀಸುವ ರಾತ್ರಿ, ಹೊತ್ತುಗೊತ್ತಿಲ್ಲದೆ ಕೂಗಿದ್ದು ಮೂರು ಸಲ. ಕೆಲವೊಮ್ಮೆ ಮೂರ್ನಾಲ್ಕು ಕಿರುಕೂಗು ಬಂದು ನಿಂತರೆ, ಕೆಲವೊಮ್ಮೆ ಪೂರ್ತಿ ಕೂಗು. ಮಳೆ ಹೊಡೆದು ನಿಂತ ಮೇಲೆ, ಕಿರುಕೂಗು ಇಲ್ಲದೆ ನೇರವಾಗಿ ಜೋರು ಸದ್ದು ಬಂದು, ರಿಮೋಟಿನಲ್ಲಿ ನಿಲ್ಲಿಸಿ ಮತ್ತೆ ಲಾಕ್ ಮಾಡಿದರೂ ಮತ್ತೆ ಕೂಗಿದ್ದು ಎರಡು ಸಲ. ಉಳಿದೆರಡು ಸಲ ಬೆಳಗಿನ ಜಾವ ಐದರ ಆಸುಪಾಸು, ಎಲೆಯೂ ಅಲ್ಲಾಡದ ಹೊತ್ತು. ಆ ಎರಡು ಸಲವೂ ಸೈರನ್ ಮಾತ್ರ ಕೂಗುತ್ತಿತ್ತು, ಇಂಡಿಕೇಟರ್ ಒಂದೂ ಮಿನುಗುತ್ತಿರಲಿಲ್ಲ.

ಡೈರಿ ನೋಡಿದ ಭಾಯ್ ಮೊದಲು ಬೆರಳಿಟ್ಟದ್ದು ಆ ಕೊನೆಯ ಸಾಲಿನ ಮೇಲೆ. “ಇಂಡಿಕೇಟರ್ ಹೊಡ್ಕೊಂಡಿಲ್ಲ ಅಂದ್ರೆ ಡಬ್ಬಿ ಕೂಗು ಅಂತ ಹೇಳೇ ಇಲ್ಲ. ಸೈರನ್ ತಾನಾಗೇ ಕೂಗಿದೆ. ಬ್ಯಾಟ್ರಿ ನೋಡೋಣ.”

ಕಳ್ಳ ಬ್ಯಾಟರಿ ತಂತಿ ಕತ್ತರಿಸಿದರೂ ಕೂಗಲಿ ಎಂದು ಕೆಲವು ಸೈರನ್‌ಗಳ ಹೊಟ್ಟೆಯಲ್ಲೇ ಪುಟ್ಟದೊಂದು ಬ್ಯಾಟರಿ ಇರುತ್ತದೆ. ಅಂಥವುಗಳ ಪಕ್ಕದಲ್ಲಿ ಸಣ್ಣ ಕೀಲಿ ತೂರಿಸುವ ತೂತು ಕಾಣುತ್ತದೆ. ಕಾರಿನ ಬ್ಯಾಟರಿಯ ವೋಲ್ಟೇಜ್ ತೀರಾ ಕುಸಿದರೆ ಇಂಥ ಸೈರನ್ ತಂತಿಯನ್ನು ಯಾರೋ ಕತ್ತರಿಸಿದರೆಂದೇ ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚೇನೂ ಉಳಿದಿಲ್ಲ. ನಾಲ್ಕು ವರ್ಷ ದಾಟಿದ್ದ ನನ್ನ ಬ್ಯಾಟರಿ ಬೆಳಗ್ಗೆ ಆರಕ್ಕೆ ತೋರಿಸಿದ್ದು 11.8. ರಾತ್ರಿಯಿಡೀ ಇಳಿಯುತ್ತ ಬಂದು ಬೆಳಗಿನ ಜಾವ ತಳ ಮುಟ್ಟುತ್ತಿತ್ತು. ಐದು ಗಂಟೆಯ ಕೂಗಿನ ಗುಟ್ಟು ಅಷ್ಟೇ.

ಹೊಸ ಬ್ಯಾಟರಿ ಹಾಕಿದರೆ ಮುಗಿಯಿತೇ ಎಂದರೆ ಭಾಯ್ ಒಪ್ಪಲಿಲ್ಲ. ಕಾರು ನಿಂತಿರುವಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯಲೇಬೇಕು ಎಂದರು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚುವ ಮೊದಲು ಸೈರನ್‌ನ ಕೀಲಿ ತಿರುಗಿಸಿ ಅದನ್ನು ಸುಮ್ಮನಾಗಿಸಿದರು. ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿ, ಮೀಟರನ್ನು ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಕೂಡಿಸಿದರು. ಆ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬಾರದು. ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಲಾಕ್ ಮಾಡಿ ಅರ್ಧ ಗಂಟೆ ಕಾದೆವು, ಕಾರಿನೊಳಗಿನ ಎಲೆಕ್ಟ್ರಾನಿಕ್ಸ್ ಎಲ್ಲ ನಿದ್ದೆಗೆ ಜಾರಲು ಅಷ್ಟು ಹೊತ್ತು ಬೇಕು. 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ನನ್ನದು 140 ತೋರಿಸಿತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದಾಗ ಸ್ಟೀರಿಯೋದ ಫ್ಯೂಸ್ ಕಿತ್ತ ಕೂಡಲೇ ಮೀಟರು 40ಕ್ಕೆ ಇಳಿಯಿತು. ಸ್ಟೀರಿಯೋ ಕೂರಿಸಿದವರು ಇಗ್ನಿಷನ್ ತಂತಿಗೆ ಕೊಡಬೇಕಾದದ್ದನ್ನು ನೇರ ಬ್ಯಾಟರಿ ತಂತಿಗೆ ಕೊಟ್ಟಿದ್ದರು.

ಈ ಲೆಕ್ಕ ಪ್ರತಿಯೊಬ್ಬ ಕಾರು ಮಾಲೀಕರಿಗೂ ಗೊತ್ತಿರಬೇಕು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಎಂದಿಟ್ಟುಕೊಳ್ಳಿ. 50 ಮಿಲಿಆಂಪಿಯರ್ ಎಳೆದರೆ ಪೂರ್ತಿ ಖಾಲಿಯಾಗಲು 700 ಗಂಟೆ, ಅಂದರೆ 29 ದಿನ. ಆದರೆ ಅರ್ಧಕ್ಕೆ ಇಳಿದರೇ ಸ್ಟಾರ್ಟ್ ಆಗುವುದು ಕಷ್ಟ, ಹಾಗಾಗಿ ನಿಜವಾಗಿ ಸಿಗುವುದು ಎರಡು ವಾರ. 140 ಎಳೆದರೆ ಐದೇ ದಿನ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆಗಿ ವಾರಗಟ್ಟಲೆ ನಿಂತ ಕಾರುಗಳ ಬ್ಯಾಟರಿ ಸತ್ತದ್ದು ಏಕೆಂದು ಇದರಿಂದ ತಿಳಿಯುತ್ತದೆ. ನಿಂತ ಕಾರಿನಲ್ಲೂ ಅಲಾರಂ ಹಗಲೂ ರಾತ್ರಿ ಕಾವಲು ಕಾಯುತ್ತಿರುತ್ತದೆ, ಅದರ ಊಟ ಬ್ಯಾಟರಿಯಿಂದಲೇ ಹೋಗಬೇಕು.

ಇನ್ನು ಮಳೆಯ ಕೂಗು. ಭಾಯ್ ಚಾವಣಿಯ ದೀಪದ ಗುಂಡಿಯನ್ನು ನಡುವಿನ ಸ್ಥಾನಕ್ಕೆ, ಅಂದರೆ ಬಾಗಿಲು ತೆಗೆದಾಗ ಉರಿಯುವ ಕಡೆಗೆ ಜರುಗಿಸಿದರು. ನಾನು ವರ್ಷದಿಂದ ಅದನ್ನು ಆಫ್‌ನಲ್ಲೇ ಇಟ್ಟಿದ್ದೆ. ನಾಲ್ಕೂ ಬಾಗಿಲು ಮುಚ್ಚಿದೆವು. ದೀಪ ಪೂರ್ತಿ ಆರಲಿಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ ಮಂದವಾಗಿ ಉರಿಯುತ್ತಲೇ ಇತ್ತು. ಬಲಗಡೆಯ ಹಿಂದಿನ ಬಾಗಿಲು ತೆಗೆದು, ಕಂಬದಲ್ಲಿದ್ದ ಸ್ವಿಚ್ಚಿನ ಮೊಳೆಯನ್ನು ಬೆರಳಿನಿಂದ ಒತ್ತಿ ಹಿಡಿದರೂ ದೀಪ ಮಿನುಗಿ ಮಿನುಗಿ ಉಳಿಯಿತು.

ಆ ಸ್ವಿಚ್ಚನ್ನು ಹತ್ತಿರದಿಂದ ನೋಡಿ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಸ್ಪ್ರಿಂಗಿನ ಮೇಲೆ ಕೂತ ಮೊಳೆ, ಅದಕ್ಕೆ ಕರಿ ರಬ್ಬರಿನ ಟೋಪಿ. ಬಾಗಿಲು ಮುಚ್ಚಿದಾಗ ಮೊಳೆ ಒಳಕ್ಕೆ ಹೋಗಿ ಸಂಪರ್ಕ ತಪ್ಪುತ್ತದೆ. ತೆಗೆದಾಗ ಹೊರಕ್ಕೆ ಬಂದು ತಂತಿ ಕಾರಿನ ಬಾಡಿಗೆ ಮುಟ್ಟಿ ಅರ್ಥ್ ಆಗುತ್ತದೆ. ತಂತಿ ಅರ್ಥ್ ಆಯಿತೆಂದರೆ ಡಬ್ಬಿಯ ಪಾಲಿಗೆ ಬಾಗಿಲು ತೆಗೆದ ಹಾಗೆ. ನನ್ನ ಕಾರಿನ ಆ ಟೋಪಿ ಹರಿದು, ಮಳೆನೀರು ಇಳಿದು, ಒಳಗೆಲ್ಲ ಹಸಿರು ಕಿಲುಬು ಕಟ್ಟಿತ್ತು. ನೀರು ಮತ್ತು ಕಿಲುಬು ಸೇರಿ ಅರ್ಧಂಬರ್ಧ ಅರ್ಥ್ ಕೊಡುತ್ತಿದ್ದವು. ಒಂದು ಸ್ಕ್ರೂ ಬಿಚ್ಚಿ ಸ್ವಿಚ್ ಹೊರಗೆಳೆಯುವಾಗ ಭಾಯ್ ತಂತಿಯನ್ನು ಇನ್ನೊಂದು ಕೈಯಲ್ಲಿ ಭದ್ರವಾಗಿ ಹಿಡಿದಿದ್ದರು. ಕೈ ತಪ್ಪಿದರೆ ತಂತಿ ಕಂಬದೊಳಕ್ಕೆ ಜಾರಿ, ಮತ್ತೆ ಹಿಡಿಯಲು ಅರ್ಧ ದಿನ ಬೇಕಂತೆ. ಹೊಸ ಸ್ವಿಚ್ ಹಾಕಿ, ಟೋಪಿಯೊಳಗೆ ಚೂರು ವ್ಯಾಸಲಿನ್ ಸವರಿದರು. ಉಳಿದ ಮೂರನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಒರೆಸಿದರು. ಹೊಸ ಕಾರುಗಳಲ್ಲಿ ಈ ಸ್ವಿಚ್ ಬಾಗಿಲ ಬೀಗದೊಳಗೇ ಸೇರಿಕೊಂಡಿರುವುದರಿಂದ ಕೆಲಸ ಇಷ್ಟು ಸಲೀಸಲ್ಲ.

ಬಾನೆಟ್ ಸ್ವಿಚ್ಚಿನ ಕಥೆಯೂ ಇದೇ. ಮುಂಭಾಗಕ್ಕೆ ಡಿಕ್ಕಿಯಾಗಿ ಟಿಂಕರಿಂಗ್ ಮಾಡಿಸಿದ ಕಾರುಗಳಲ್ಲಿ ಬಾನೆಟ್ ಕೂದಲೆಳೆಯಷ್ಟು ಮೇಲೆದ್ದಿದ್ದರೂ ಮೊಳೆ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಮೊಳೆಯ ಎತ್ತರ ಸರಿಮಾಡಿದರೆ ಮುಗಿಯಿತು.

ತಂಗಿಯ ಕಾರಿನದು ಬೇರೆ ಕತೆ, ಇಲ್ಲೇ ಹೇಳಿಬಿಡುತ್ತೇನೆ. ಅವಳ ಕಾರಿನ ಚಾವಣಿ ದೀಪ ಬಾಗಿಲು ಮುಚ್ಚಿದ ಮೇಲೂ ಹತ್ತು ಹದಿನೈದು ಸೆಕೆಂಡು ಉರಿದು ನಿಧಾನಕ್ಕೆ ಆರುವಂಥದ್ದು. ಹೊರಗಿನಿಂದ ಹಾಕಿಸಿದ ಅಲಾರಂ ಆ ದೀಪದ ತಂತಿಯನ್ನೇ ಬಾಗಿಲಿನ ಸುದ್ದಿಗೆ ನೆಚ್ಚಿಕೊಂಡಿತ್ತು. ಅವಳು ಲಾಕ್ ಮಾಡಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕೂಗು. ದೀಪ ಆರುವವರೆಗೆ ಕಾದು ಆಮೇಲೆ ಕಾವಲಿಗೆ ಕೂರುವ ಒಂದು ಸೆಟ್ಟಿಂಗ್ ಅನೇಕ ಡಬ್ಬಿಗಳಲ್ಲಿ ಇರುತ್ತದೆ. ಅದನ್ನು ಆನ್ ಮಾಡಿದ ಮೇಲೆ ತೊಂದರೆ ತೀರಿತು. ಅವಳ ಮನೆಯಲ್ಲಿ ರಿಮೋಟ್ ಮಗುವಿನ ಆಟಿಕೆಯೂ ಹೌದು. ಒತ್ತಿ ಒತ್ತಿ ಒಂದು ದಿನ ಕಾರು ಅದಕ್ಕೆ ಓಗೊಡುವುದನ್ನೇ ನಿಲ್ಲಿಸಿತು. ಇಂಥ ರಿಮೋಟುಗಳು ಪ್ರತಿ ಒತ್ತಿಗೂ ಹೊಸ ಸಂಕೇತ ಕಳಿಸುತ್ತವೆ, ಗಾಳಿಯಲ್ಲಿ ಹಿಡಿದ ಹಳೆಯದನ್ನು ಕಳ್ಳ ಮತ್ತೆ ಬಳಸದಿರಲಿ ಎಂದು. ಬಹುಬಳಕೆಯ ಕೀಲಾಕ್ ಎಂಬ ಪದ್ಧತಿಯಲ್ಲಿ ಕಾರು ಮುಂದಿನ 16 ಸಂಕೇತಗಳವರೆಗೆ ಒಂದೇ ಒತ್ತಿಗೆ ಒಪ್ಪುತ್ತದೆ. ಅದನ್ನು ದಾಟಿದ್ದರೆ ಕಾರಿನ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಎರಡೂ ಸಂಕೇತ ಸಾಲಾಗಿ ಬಂದರೆ ಮತ್ತೆ ಹೊಂದಿಕೊಳ್ಳುತ್ತದೆ. ತಂಗಿ ಹೊಸ ರಿಮೋಟಿಗೆ ದುಡ್ಡು ಕೊಡಲು ಹೊರಟಿದ್ದಳು, ಎರಡು ಒತ್ತಿಗೆ ಕೆಲಸವಾಯಿತು.

ಕೊನೆಗೆ ಉಳಿದದ್ದು ಶಾಕ್ ಸೆನ್ಸರ್. ಅದನ್ನು ಸ್ಟೇರಿಂಗ್ ಕಂಬಕ್ಕೆ ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಿದ್ದರು. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗಿನ ಕಾವಿಗೆ ಅಂಟು ಕರಗಿ, ಸೆನ್ಸರ್ ತನ್ನ ತಂತಿಯಲ್ಲೇ ನೇತಾಡುತ್ತಿತ್ತು. ಗಾಳಿಗೆ ಕಾರು ಚೂರು ತೂಗಿದರೂ ಅದು ಪಕ್ಕದ ತಗಡಿಗೆ ತಾಗುತ್ತಿತ್ತು. ಜಾಯಿಂಟುಗಳೂ ಬರೀ ಹೊಸೆದು ಟೇಪ್ ಸುತ್ತಿದವು. ಭಾಯ್ ಎಲ್ಲ ಜಾಯಿಂಟುಗಳನ್ನೂ ಬಿಚ್ಚಿ, ಬೆಸುಗೆ ಹಾಕಿ, ಮೇಲೆ ಕಾವಿಗೆ ಕುಗ್ಗಿ ಕಚ್ಚಿಕೊಳ್ಳುವ ಕೊಳವೆ ತೊಡಿಸಿದರು. ಆ ಕೆಲಸದ ನಡುವೆ ಒಂದು ಹಳದಿ ಕಪ್ಲರ್ ತೋರಿಸಿ, “ಹಳದಿ ಕಂಡ್ರೆ ಕೈ ಹಿಂದಕ್ಕೆ ತಗೊಳ್ಳಿ ಸಾರ್, ಏರ್‌ಬ್ಯಾಗಿಂದು. ಟೆಸ್ಟ್ ಲ್ಯಾಂಪ್ ಅಲ್ಲಿಗೆ ತಾಗಿಸ್ಲೇಬಾರ್ದು” ಎಂದರು. ಡ್ಯಾಶ್‌ಬೋರ್ಡಿನ ಕೆಳಗೆ ತಾವೇ ಕೈ ಹಾಕುವ ಉಮೇದಿರುವವರು ಇದನ್ನು ಮರೆಯಬಾರದು.

ಸೆನ್ಸರನ್ನು ಸ್ಕ್ರೂ ಹಾಕಿ ಗಟ್ಟಿ ಲೋಹಕ್ಕೆ ಬಿಗಿದ ಮೇಲೆ ಹದ ಮಾಡುವ ಕೆಲಸ ನನ್ನದಾಯಿತು. ಯಾವುದಕ್ಕೆ ಕೂಗಬಾರದು, ಯಾವುದಕ್ಕೆ ಕೂಗಲೇಬೇಕು ಎಂದು ಗೊತ್ತಿರುವುದು ಕಾರು ನಿಲ್ಲುವ ಜಾಗ ಬಲ್ಲವರಿಗೆ. ನನ್ನ ಜಾಗದಲ್ಲಿ ಗಾಳಿಗಿಂತ ದೊಡ್ಡ ಕಾರಣವೊಂದಿತ್ತು, ಅದು ಕಂಡದ್ದು ಡೈರಿ ಬರೆಯಲು ಎಚ್ಚರವಿದ್ದ ಒಂದು ರಾತ್ರಿ. ಬಾವಲಿಗಳು ಬಾದಾಮಿ ಹಣ್ಣಿಗೆ ಬರುತ್ತವೆ. ಮೇಲಿನ ತಿರುಳು ಕೆರೆದು ತಿಂದು, ಗಟ್ಟಿ ಓಟೆಯನ್ನು ಕೆಳಕ್ಕೆ ಬಿಡುತ್ತವೆ. ಕಾರಿನ ಚಾವಣಿಯ ಮೇಲೆ ಟಪ್ಪೆಂದು ಬಿದ್ದ ಓಟೆಗೆ ಮೂರು ಕಿರುಕೂಗು, ಬೆನ್ನಿಗೇ ಬಿದ್ದ ಇನ್ನೊಂದಕ್ಕೆ ಪೂರ್ತಿ ಸೈರನ್.

ಹಾಗಾಗಿ ಪರೀಕ್ಷೆಗೆ ಆ ಓಟೆಗಳನ್ನೇ ಆರಿಸಿಕೊಂಡೆ. ಭಾನುವಾರ ಹನ್ನೊಂದು ಗಂಟೆಗೆ, ಬೀದಿಯವರಿಗೆಲ್ಲ ಮೊದಲೇ ಹೇಳಿ, ಸೆನ್ಸರಿನ ತಿರುಪನ್ನು ಗಡಿಯಾರದ ಮುಳ್ಳೆಂದು ಭಾವಿಸಿಕೊಂಡು ಎರಡು ಗಂಟೆಯ ಸ್ಥಾನದಿಂದ ಶುರು ಮಾಡಿದೆ. ಲಾಕ್ ಮಾಡಿ ಅರ್ಧ ನಿಮಿಷ ಕಾಯಬೇಕು, ಅಲ್ಲಿಯವರೆಗೆ ಸೆನ್ಸರ್ ಪೂರ್ತಿ ಎಚ್ಚರವಾಗಿರುವುದಿಲ್ಲ. ಆತುರಪಟ್ಟು ಕೂಡಲೇ ತಟ್ಟಿ, ಕೂಗಲಿಲ್ಲವೆಂದು ತಿರುಪು ಏರಿಸಿದರೆ ರಾತ್ರಿ ಅನುಭವಿಸಬೇಕಾಗುತ್ತದೆ. ಮಹಡಿಯ ಮೇಲಿಂದ ಮಗಳು ಓಟೆ ಬಿಟ್ಟಳು. ಪೂರ್ತಿ ಕೂಗು. ತಿರುಪನ್ನು ಒಂದು ಗಂಟೆಗೆ ಇಳಿಸಿದೆ. ಮತ್ತೆ ಪೂರ್ತಿ ಕೂಗು. ಹನ್ನೆರಡಕ್ಕೆ ಇಳಿಸಿದಾಗ ಕಿರುಕೂಗು ಮಾತ್ರ. ಹನ್ನೊಂದಕ್ಕೆ ಬಂದಾಗ ಮೌನ. ಆಗ ಮುಷ್ಟಿಯ ಮೆತ್ತನೆಯ ಬದಿಯಿಂದ ಬಾಗಿಲ ಕಂಬಕ್ಕೆ ಒಂದು ಗುದ್ದು ಕೊಟ್ಟೆ. ಕಿರುಕೂಗು. ಜೋರಾಗಿ ಇನ್ನೊಂದು, ಪೂರ್ತಿ ಸೈರನ್. ಗಾಜಿಗೆ ಮಾತ್ರ ಗುದ್ದಿ ಪರೀಕ್ಷಿಸಬೇಡಿ. ಒಂದು ಸಲಕ್ಕೆ ತಿರುಪನ್ನು ಮುಳ್ಳಿನ ಒಂದು ಗಂಟೆಗಿಂತ ಹೆಚ್ಚು ತಿರುಗಿಸಲೂ ಬೇಡಿ, ಅದು ತೀರ ಸೂಕ್ಷ್ಮ.

ಅಜ್ಜಿ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಕಣ್ಣಿಗೆ ಕಪ್ಪು ಕನ್ನಡಕ. “ಈಗ ಬಿದ್ದಿದ್ದಕ್ಕೆ ಕೂಗ್ಲಿಲ್ಲ ಅಲ್ವಾ?” ಎಂದು ಪ್ರತಿ ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಕಾರನ್ನು ಕಾಯಲು ಅಲಾರಂ ಒಂದೇ ಸಾಕು ಎಂದು ನಾನು ನಂಬಿಲ್ಲ. ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಅದಕ್ಕಿಂತ ಗಟ್ಟಿ ಕಾವಲು. ಕೀಲಿಯ ತಲೆಯಲ್ಲಿರುವ ಪುಟ್ಟ ಚಿಪ್ಪಿನ ಗುರುತು ಸಿಗದಿದ್ದರೆ ಎಂಜಿನ್‌ಗೆ ಜೀವ ಬರುವುದಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ. ಐರೋಪ್ಯ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿತು. ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಕಾರುಗಳ್ಳತನ ಅದರಿಂದ ಸರಾಸರಿ ಶೇ 40ರಷ್ಟು ತಗ್ಗಿದ್ದು ಕಂಡಿತು. ಆದರೂ ಒಳಗಿಟ್ಟ ಲ್ಯಾಪ್‌ಟಾಪಿಗಾಗಿ ಗಾಜು ಒಡೆಯುವವನಿಗೆ ಎಂಜಿನ್ ಬೇಕಾಗಿಲ್ಲ, ಅಲ್ಲಿ ಸದ್ದೇ ಬೇಕು. ಅಲಾರಂ ತೆಗೆಸಿಹಾಕಿ ಎಂದ ಗೆಳೆಯರಿಗೆ ನಾನು ಕೊಟ್ಟ ಉತ್ತರ ಇದು.

ಸರ್ವೀಸಿಗೆ ಬಿಡುವಾಗ ವ್ಯಾಲೆ ಬಟನ್ ಒತ್ತಿ ಕಾವಲು ತೆಗೆದಿಡುವುದನ್ನೂ ಭಾಯ್ ಹೇಳಿಕೊಟ್ಟರು. ಆ ಗುಂಡಿ ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ಕಿನ ಹಿಂದೆ ಇತ್ತು. ಮೂರು ವರ್ಷ ಅದರ ಇಂಚು ದೂರದಲ್ಲಿ ಕಾಲು ಚಾಚಿ ಕೂತಿದ್ದೆ.

ಹಿಂದಿನ ಮಾಲೀಕರು ಬಿಟ್ಟುಹೋಗದ ಪುಸ್ತಕದ ಬದಲಿಗೆ ಈಗ ಗ್ಲೋವ್ ಬಾಕ್ಸಿನಲ್ಲಿ ಒಂದು ರಟ್ಟಿನ ಚೀಟಿ ಇದೆ. ಸೈರನ್‌ನ ಕೀಲಿಯನ್ನು ಅದಕ್ಕೇ ಕಟ್ಟಿದ್ದೇನೆ. ಅದರಲ್ಲಿ ಬರೆದದ್ದು: ಬ್ಯಾಟರಿ ಬದಲಿಸಿದ ತಾರೀಕು. ನಿಂತಾಗ ಎಳೆಯುವ ಕರೆಂಟ್ 40. ಬಲ ಹಿಂಬಾಗಿಲ ಸ್ವಿಚ್ ಹೊಸದು, ಉಳಿದ ಮೂರು ಹಳೆಯವು, ಮುಂದಿನ ಮಳೆಗಾಲಕ್ಕೆ ಮುಂಚೆ ನೋಡಬೇಕು. ವ್ಯಾಲೆ ಗುಂಡಿ ಎಲ್ಲಿದೆ ಎಂಬುದಕ್ಕೆ ಒಂದು ಸಣ್ಣ ಚಿತ್ರ. ಸೆನ್ಸರ್ ಹನ್ನೊಂದು ಗಂಟೆಗೆ, ತಿರುಪಿನ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದೆ. ದೀಪಾವಳಿಯ ಮೂರು ರಾತ್ರಿ ಸೆನ್ಸರಿನ ಕಪ್ಲರ್ ಬಿಚ್ಚಿಡುವುದು, ನಾಲ್ಕನೇ ಬೆಳಗ್ಗೆ ಮರೆಯದೆ ಕೂಡಿಸುವುದು. ಕೊನೆಯ ಸಾಲನ್ನು ಮಗಳು ತನ್ನ ಅಕ್ಷರದಲ್ಲಿ ಸೇರಿಸಿದ್ದಾಳೆ: ಬಾದಾಮಿ ಮರದ ಕೆಳಗೆ ನಿಲ್ಲಿಸದಿದ್ದರೆ ಹನ್ನೆರಡಕ್ಕೆ ಏರಿಸಬಹುದು.